ಕಟ್ಟಿದ ಕೈ ಯಾವುದು? ಕಿಟ್ ಸಿಂಥ್ ಮಾರುವ ಮುನ್ನ

ಹಳೆಯ ಅನಲಾಗ್ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳಿಂದ ಸ್ವರ ಹುಟ್ಟಿಸುವ ವಾದ್ಯ, ಮಾರುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಂಪನಿಯ ಹೆಸರಿರುತ್ತದೆ, ಮಾಡೆಲ್ ಇರುತ್ತದೆ, ಹಿಂದೆ ಸೀರಿಯಲ್ ನಂಬರ್ ಇರುತ್ತದೆ. ಅದೇ ಮಾಡೆಲ್ ಇತ್ತೀಚೆಗೆ ಎಷ್ಟಕ್ಕೆ ಹೋಯಿತು ಅಂತ ಹುಡುಕಿದರೆ ನಿಮ್ಮದರ ಬೆಲೆಯೂ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಆದರೆ ಅದು ಕಿಟ್‌ನಿಂದ, ಅಂದರೆ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಕಟ್ಟಿದ್ದಾದರೆ ಈ ಲೆಕ್ಕ ಅರ್ಧದಲ್ಲೇ ನಿಲ್ಲುತ್ತದೆ. ಯಾಕೆಂದರೆ ಅಂಥ ಸಿಂಥ್‌ಗೆ ತಯಾರಕರು ಇಬ್ಬರು. ಒಬ್ಬರು ಸರ್ಕ್ಯೂಟ್ ಬರೆದವರು. ಇನ್ನೊಬ್ಬರು ಪೊಟ್ಟಣ ಬಿಚ್ಚಿ, ಒಂದೊಂದೇ ರೆಸಿಸ್ಟರ್‌ನ ಬಣ್ಣದ ಪಟ್ಟಿ ಓದಿ, ಕೂತು ಸೋಲ್ಡರ್ ಮಾಡಿದವರು. ಮೊದಲನೆಯವರ ಹೆಸರು ಎಲ್ಲೆಡೆ ಸಿಗುತ್ತದೆ. ಎರಡನೆಯವರು ಯಾರು ಅಂತ ಎಷ್ಟೋ ಸಲ ಮಾರುವವರಿಗೂ ಗೊತ್ತಿರುವುದಿಲ್ಲ. ಆದರೂ ಕೊಳ್ಳುವವರ ಮನಸ್ಸಿನಲ್ಲಿರುವ ಪ್ರಶ್ನೆಗಳೆಲ್ಲ ಆ ಎರಡನೆಯ ಕೈಯ ಬಗ್ಗೆಯೇ.

ಒಂದೇ ನಕ್ಷೆ ಹಿಡಿದು ಹತ್ತು ಮೇಸ್ತ್ರಿಗಳು ಹತ್ತು ಮನೆ ಕಟ್ಟಿದ ಹಾಗೆ ಇದು. ನಕ್ಷೆ ಎಷ್ಟೇ ಚೆನ್ನಾಗಿರಲಿ, ಮಳೆಗಾಲದಲ್ಲಿ ಸೋರುವುದು ಬಿಡುವುದು ಮೇಸ್ತ್ರಿಯ ಕೈಯಲ್ಲಿರುತ್ತದೆ. ಹಾಗಾಗಿ ನಾನು ಹೇಳುವುದಿಷ್ಟೇ: ಮಾಡೆಲ್ ಹೆಸರನ್ನು ಮಾರಲು ಹೋಗಬೇಡಿ, ನಿಮ್ಮ ಮುಂದಿರುವ ಈ ಒಂದು ವಾದ್ಯವನ್ನು ಮಾರಿ. ಅದಕ್ಕೆ ಮೊದಲು ಅದನ್ನು ನೀವೇ ಪೂರ್ತಿ ತಿಳಿದುಕೊಳ್ಳಬೇಕು.

ಮೊದಲು ಇವು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡೋಣ. 1970ರ ದಶಕದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಸಿಂಥ್ ಹೆಚ್ಚಿನ ಸಂಗೀತಗಾರರ ಕೈಗೆ ಎಟುಕುತ್ತಿರಲಿಲ್ಲ. ಕಿಟ್‌ಗೆ ಜಾಗ ಸಿಕ್ಕಿದ್ದು ಅಲ್ಲಿಯೇ. ಹೆಸರಾಂತ ಸಿಂಥ್ ತಯಾರಕ ರಾಬರ್ಟ್ ಮೋಗ್ ಕೂಡ ಸಿಂಥಸೈಜರ್‌ಗೆ ಕೈಹಾಕುವ ಮೊದಲು ತೆರೆಮಿನ್ (ಕೈ ತಾಗಿಸದೆ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಕಿಟ್ ಮಾರುತ್ತಿದ್ದವರೇ. ಅಮೆರಿಕದ ಒಕ್ಲಹೋಮಾದಲ್ಲಿ ಜಾನ್ ಸೈಮಂಟನ್ ಅವರ ಪಾಯಾ ಕಂಪನಿ ಸಿಂಥ್ ಕಿಟ್‌ಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಆಸ್ಟ್ರೇಲಿಯಾದ ಎಲೆಕ್ಟ್ರಾನಿಕ್ಸ್ ಟುಡೇ ಇಂಟರ್‌ನ್ಯಾಷನಲ್ ಪತ್ರಿಕೆ 1973ರಲ್ಲಿ ಟ್ರೆವರ್ ಮಾರ್ಷಲ್ ಅವರ 4600 ಅನ್ನುವ ಸಿಂಥ್‌ನ ವಿನ್ಯಾಸ ಪ್ರಕಟಿಸಲು ಶುರುಮಾಡಿತು, ಬ್ರಿಟನ್‌ನಲ್ಲಿ ಅದರ ಭಾಗಗಳನ್ನು ಮ್ಯಾಪ್ಲಿನ್ ಕಂಪನಿ ಮಾರಿತು. ಆಮೇಲೆ ಎಲೆಕ್ಟರ್ ಪತ್ರಿಕೆಯ ಫಾರ್ಮಂಟ್ ಸಿಂಥ್ ಬಂತು. 1978ರಲ್ಲಿ ಟಿಮ್ ಓರ್ ವಿನ್ಯಾಸ ಮಾಡಿ ಪವರ್‌ಟ್ರಾನ್ ಕಂಪನಿ ಮಾರಿದ ಟ್ರಾನ್ಸೆಂಡೆಂಟ್ 2000 ಬಂತು. ಜಾಯ್ ಡಿವಿಷನ್ ಬ್ಯಾಂಡ್‌ನ ಬರ್ನಾರ್ಡ್ ಸಮ್ನರ್ ತಾವೇ ಕೂತು ಕಟ್ಟಿಕೊಂಡದ್ದು ಇದನ್ನೇ. ಇನ್ನು ಸರ್ಜ್ ಚೆರೆಪ್ನಿನ್ ಅವರ ಮಾಡ್ಯುಲರ್ ಸಿಂಥ್‌ಗಳು (ಮಾಡ್ಯೂಲ್ ಅನ್ನುವ ಬಿಡಿ ಘಟಕಗಳನ್ನು ತಂತಿಯಿಂದ ಜೋಡಿಸಿ ನುಡಿಸುವಂಥವು), ಮೊದಮೊದಲು ಕ್ಯಾಲಿಫೋರ್ನಿಯಾದ ಕಲಾಶಾಲೆಯ ವಿದ್ಯಾರ್ಥಿಗಳೇ ಸೇರಿ ಕಟ್ಟಿಕೊಂಡಂಥವು, ಇವತ್ತು ಸಂಗ್ರಾಹಕರು ಮುಗಿಬಿದ್ದು ಹುಡುಕುವ ವಸ್ತುಗಳು. ಅಂದರೆ ಕಿಟ್ ಅಂದಕೂಡಲೇ ಕೀಳು ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ.

ಕಿಟ್ ಅನ್ನುವ ಒಂದೇ ಮಾತಿನೊಳಗೆ ಬೇರೆ ಬೇರೆ ವಸ್ತುಗಳಿವೆ. ಟ್ರಾನ್ಸೆಂಡೆಂಟ್ 2000ದಂಥದ್ದರಲ್ಲಿ ಬೋರ್ಡ್, ಬಿಡಿಭಾಗ, ಪ್ಯಾನೆಲ್, ಕೀಬೋರ್ಡ್, ಪೆಟ್ಟಿಗೆ ಎಲ್ಲವೂ ಒಟ್ಟಿಗೆ ಬರುತ್ತಿತ್ತು. ಹಾಗಾಗಿ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಕೈಗೆಲಸದ್ದು. ಪತ್ರಿಕೆಯ ಲೇಖನ ನೋಡಿ ಕಟ್ಟಿದ್ದರಲ್ಲಿ ಕಥೆಯೇ ಬೇರೆ. ಬೋರ್ಡ್ ಸಿಕ್ಕರೂ ಉಳಿದ ಭಾಗಗಳನ್ನು ಕಟ್ಟುವವರು ಅಲ್ಲಿ ಇಲ್ಲಿ ಹುಡುಕಿ ತಂದಿರುತ್ತಾರೆ, ಸಿಗದಿದ್ದಕ್ಕೆ ಬದಲಿ ಹಾಕಿರುತ್ತಾರೆ, ಪೆಟ್ಟಿಗೆ ಮನೆಯಲ್ಲೇ ಮಾಡಿರುತ್ತಾರೆ. ನಿಮ್ಮ ಹತ್ತಿರ ಇರುವುದು ಯಾವ ಬಗೆಯದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬರೀ ‘ಫಾರ್ಮಂಟ್’ ಅಂತ ಬರೆದರೆ ಸಾಲದು. ಎಷ್ಟು ಆಸಿಲೇಟರ್ (ಸ್ವರ ಹುಟ್ಟಿಸುವ ಭಾಗ), ಯಾವ ಫಿಲ್ಟರ್ (ನಾದವನ್ನು ತಿದ್ದುವ ಭಾಗ), ಮೂಲ ವಿನ್ಯಾಸದಲ್ಲಿ ಇಲ್ಲದ್ದು ಏನೇನು ಸೇರಿದೆ, ಎಲ್ಲವನ್ನೂ ಹೇಳಬೇಕು.

ಕಟ್ಟಿದ್ದು ಯಾವಾಗ ಅಂತ ಪತ್ತೆಹಚ್ಚಲು ಒಂದು ಒಳ್ಳೆಯ ದಾರಿ ಇದೆ. ಹೆಚ್ಚಿನ ಐಸಿಗಳ, ಅಂದರೆ ಚಿಪ್‌ಗಳ, ಮೇಲೆ ತಯಾರಾದ ವರ್ಷ, ವಾರ ಅಚ್ಚಾಗಿರುತ್ತದೆ. 7834 ಅಂತಿದ್ದರೆ 1978ರ 34ನೇ ವಾರ. ಹತ್ತಾರು ಐಸಿಗಳ ಅಂಕಿ ಬರೆದುಕೊಂಡರೆ ಹೆಚ್ಚಿನವು ಒಂದೇ ಕಾಲದ ಆಸುಪಾಸು ಬರುತ್ತವೆ. ಯಂತ್ರವನ್ನು ಕಟ್ಟಿದ್ದು ಅವುಗಳಲ್ಲಿ ತೀರಾ ಹೊಸದರ ನಂತರ. ಒಂದೆರಡು ಮಾತ್ರ ಹದಿನೈದು ವರ್ಷ ಈಚಿನವು ಅಂತ ಕಂಡರೆ ಅಲ್ಲಿ ರಿಪೇರಿ ಆಗಿದೆ ಅಂತ ಅರ್ಥ. ಇದನ್ನು ಓದುವಾಗ ಭಾಗದ ನಂಬರನ್ನೇ ತಾರೀಖು ಅಂದುಕೊಳ್ಳಬೇಡಿ. 7815 ಅಂತ ಬರೆದಿರುವುದು 15 ವೋಲ್ಟ್‌ನ ರೆಗ್ಯುಲೇಟರ್, 1978ರ 15ನೇ ವಾರವಲ್ಲ! ನಾಬ್‌ಗಳ ಹಿಂದಿರುವ ಪೊಟೆನ್ಷಿಯೋಮೀಟರ್‌ಗಳ ಬೆನ್ನ ಮೇಲೆ, ಟ್ರಾನ್ಸ್‌ಫಾರ್ಮರ್ ಮೇಲೆ ಕೂಡ ಇಂಥ ಗುರುತು ಸಿಗಬಹುದು.

ಕಾಗದಪತ್ರ ಇದ್ದರೆ ಅದಕ್ಕಿಂತ ಭಾಗ್ಯ ಇಲ್ಲ. ಪೆನ್ಸಿಲ್‌ನಲ್ಲಿ ಒಂದೊಂದು ಹಂತಕ್ಕೂ ಟಿಕ್ ಹಾಕಿದ ಕಿಟ್ ಪುಸ್ತಿಕೆ, ಬಿಡಿಭಾಗದ ಬಿಲ್, ಪತ್ರಿಕೆಯ ಹಳೇ ಸಂಚಿಕೆ, ಟ್ಯೂನಿಂಗ್ ಮಾಡುವಾಗ ಅಂಚಿನಲ್ಲಿ ಗೀಚಿದ ವೋಲ್ಟೇಜ್ ಅಂಕಿಗಳು, ಇವೆಲ್ಲ ಆ ಎರಡನೆಯ ತಯಾರಕರ ದಿನಚರಿ ಇದ್ದ ಹಾಗೆ. ಎಷ್ಟು ಎಚ್ಚರದಿಂದ ಕೆಲಸ ಮಾಡಿದವರು ಅಂತ ಅದರಿಂದಲೇ ಗೊತ್ತಾಗುತ್ತದೆ. ಹಳೇ ಕಾಗದ ಅಂತ ರದ್ದಿಗೆ ಹಾಕಬೇಡಿ. ಅದು ಯಂತ್ರದ ಜೊತೆಗೇ ಹೋಗಬೇಕು.

ಈಗ ಸ್ವಿಚ್ ಹಾಕುವ ವಿಷಯ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರವನ್ನು ತಂದು ನೇರವಾಗಿ ಪ್ಲಗ್‌ಗೆ ಸಿಕ್ಕಿಸಬೇಡಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರಬಹುದು. ಟಾಂಟಲಂ ಕೆಪಾಸಿಟರ್ ಶಾರ್ಟ್ ಆಗಬಹುದು. ಮೇನ್ಸ್ ಜಾಗದಲ್ಲಿ ಹಾಕುತ್ತಿದ್ದ ಕಾಗದದ ಕೆಪಾಸಿಟರ್ ಬಿರುಕು ಬಿಟ್ಟು ತೇವ ಹೀರಿಕೊಂಡಿದ್ದರೆ ದಟ್ಟ ಹೊಗೆ ಬಿಡಬಹುದು. ಮೊದಲ ಸಲ ಸೀರೀಸ್ ಲ್ಯಾಂಪ್, ಅಂದರೆ ಕರೆಂಟ್‌ನ ದಾರಿಯಲ್ಲಿ ಸರಣಿಯಾಗಿ ಜೋಡಿಸಿದ ಬಲ್ಬ್, ಮೂಲಕ ಕೊಟ್ಟು ನೋಡುವುದು ಬಲ್ಲವರ ಪದ್ಧತಿ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಇದು ನಿಮಗೆ ಹೊಸದಾದರೆ ದಯವಿಟ್ಟು ಗೊತ್ತಿರುವವರಿಂದ ಮಾಡಿಸಿ, ಕಲಿಯಲು ಇದು ಜಾಗ ಅಲ್ಲ.

ಕಾರ್ಖಾನೆಯ ಯಂತ್ರದಲ್ಲಿ ಇಲ್ಲದ ಇನ್ನೊಂದು ಅಪಾಯ ಇಲ್ಲಿದೆ. ಕರೆಂಟ್ ಒಳಗೆ ಬರುವ ಜಾಗವನ್ನೂ ಕಟ್ಟಿದವರೇ ವೈರಿಂಗ್ ಮಾಡಿರುತ್ತಾರೆ. ಎರಡೇ ತಂತಿಯ ಕೇಬಲ್ ಹಾಕಿ ಲೋಹದ ಪ್ಯಾನೆಲ್‌ಗೆ ಅರ್ತ್ ಕೊಡದೇ ಬಿಟ್ಟಿರಬಹುದು. ಮುಂದಿನ ಪವರ್ ಸ್ವಿಚ್‌ನ ಹಿಂಬದಿಯ ತುದಿಗಳು ಬರಿದಾಗಿ ನಿಂತಿರಬಹುದು. ಫ್ಯೂಸ್ ಬದಲು ತಂತಿ ಸುತ್ತಿರಬಹುದು. ಕೇಬಲ್‌ಗೆ ಹಿಡಿತ ಇಲ್ಲದೆ ಬರೀ ಗಂಟು ಹಾಕಿರಬಹುದು. ಮಾರುವ ಮುನ್ನ ಯಾವ ರಿಪೇರಿ ಮಾಡಿಸಿದರೂ ಬಿಟ್ಟರೂ ಇದೊಂದನ್ನು ಮಾತ್ರ ಮಾಡಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಬ್ಬರ ಕೈಗೆ ಶಾಕ್ ಹೊಡೆಯುವ ವಸ್ತುವನ್ನು ‘ಇದ್ದದ್ದು ಇದ್ದ ಹಾಗೆ’ ಅಂತ ಬರೆದು ದಾಟಿಸುವುದು ಸರಿಯಲ್ಲ. ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟ್‌ಗೆ ವೈರಿಂಗ್ ಆಗಿದೆ ಅಂತಲೂ ನೋಡಿ ಬರೆಯಿರಿ. 120 ವೋಲ್ಟ್‌ಗೆ ಕಟ್ಟಿದ್ದನ್ನು 230 ವೋಲ್ಟ್ ಇರುವ ದೇಶದವರು ನೇರವಾಗಿ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು.

ಯಂತ್ರ ಆನ್ ಆಯಿತು, ಸದ್ದು ಬಂತು. ಅಷ್ಟಕ್ಕೇ ‘ಕೆಲಸ ಮಾಡುತ್ತದೆ’ ಅಂತ ಬರೆಯುವವರು ಜಾಸ್ತಿ. ಜಗಳ ಶುರುವಾಗುವುದೂ ಇಲ್ಲಿಂದಲೇ, ಯಾಕೆಂದರೆ ಅನಲಾಗ್ ಸಿಂಥ್ ಸದ್ದು ಮಾಡುವುದು ಬೇರೆ, ಶ್ರುತಿಯಲ್ಲಿ ನುಡಿಯುವುದು ಬೇರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಂಥ ಹೆಚ್ಚಿನ ಸಿಂಥ್‌ಗಳಲ್ಲಿ ಕೀಬೋರ್ಡ್ ಒಂದು ವೋಲ್ಟೇಜ್ ಕೊಡುತ್ತದೆ, ಆಸಿಲೇಟರ್ ಅದನ್ನು ಸ್ವರವಾಗಿ ಬದಲಿಸುತ್ತದೆ. 1 ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು, ಅಂದರೆ ಕಂಪನ ಸರಿಯಾಗಿ ಎರಡು ಪಟ್ಟಾಗಬೇಕು. ಹೀಗೆ ದುಪ್ಪಟ್ಟು ಮಾಡುವ ಕೆಲಸ ಒಂದು ಜೋಡಿ ಟ್ರಾನ್ಸಿಸ್ಟರ್‌ಗಳದ್ದು. ಎರಡೂ ಒಂದೇ ಥರ ಇರಬೇಕು, ಒಂದೇ ಬಿಸಿಯಲ್ಲಿರಬೇಕು. ತೊಂದರೆ ಏನೆಂದರೆ ಟ್ರಾನ್ಸಿಸ್ಟರ್‌ನ ಈ ಗುಣ ಬಿಸಿಗೆ ತಕ್ಕಂತೆ ಬದಲಾಗುತ್ತದೆ, 1 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.33 ಶೇಕಡಾ. ಕೇಳಲು ಚಿಕ್ಕದು. ಆದರೆ 5 ಸ್ಥಾಯಿಯ ಹರವಿಗೆ ಲೆಕ್ಕ ಹಾಕಿದರೆ 6000 ಸೆಂಟ್‌ನಲ್ಲಿ (ಸೆಂಟ್ ಅಂದರೆ ಸ್ವರಗಳ ಅಂತರದ ಅಳತೆ) ಸುಮಾರು 20 ಸೆಂಟ್ ಆಗುತ್ತದೆ. ಪಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ 100 ಸೆಂಟ್ ಮಾತ್ರ. ಅಂದರೆ ಕೋಣೆ 5 ಡಿಗ್ರಿ ಬಿಸಿಯಾದರೆ ಕೀಬೋರ್ಡ್‌ನ ಈ ತುದಿಯಲ್ಲಿ ಶ್ರುತಿ ಸರಿಯಿದ್ದರೂ ಆ ತುದಿಯ ಸ್ವರ ಒಂದು ಕೀಯಷ್ಟು ಆಚೀಚೆ ಆಗಿರುತ್ತದೆ.

ಇದನ್ನು ಸರಿಪಡಿಸಲು ವಿನ್ಯಾಸದಲ್ಲೇ ಒಂದು ವಿಶೇಷ ರೆಸಿಸ್ಟರ್ ಇಡುತ್ತಿದ್ದರು. ಬಿಸಿ ಏರಿದಾಗ ಅದೂ ಅಷ್ಟೇ ಪ್ರಮಾಣದಲ್ಲಿ ಬದಲಾಗಿ ಮೇಲಿನ ದೋಷವನ್ನು ತಿನ್ನುತ್ತದೆ. ಟೆಂಪ್‌ಕೋ ಅಂತ ಕರೆಯುವುದು ಇದನ್ನೇ. ಬೆಲೆ ಜಾಸ್ತಿ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಆ ಜಾಗದಲ್ಲಿ ಮಾಮೂಲಿ ರೆಸಿಸ್ಟರ್ ಹಾಕಿದ ಯಂತ್ರಗಳಿವೆ. ಹೊರಗಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ನುಡಿಸಿದರೆ ತಿಳಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಯಂತ್ರ ಅರ್ಧ ಗಂಟೆ ಬಿಸಿಯಾಗಲಿ. ಒಂದೇ ಆಸಿಲೇಟರ್ ಇಟ್ಟುಕೊಂಡು ಟ್ಯೂನರ್‌ಗೆ ಜೋಡಿಸಿ. ಕೆಳಗಿನ ಸ ನುಡಿಸಿ ಶ್ರುತಿ ಹೊಂದಿಸಿ, ಆಮೇಲೆ ಅದರ ಮೇಲಿನ ಸ, ಅದರ ಮೇಲಿನ ಸ, ಹೀಗೆ ಕೀಬೋರ್ಡ್ ಮುಗಿಯುವ ತನಕ ನುಡಿಸಿ ಎಲ್ಲೆಲ್ಲಿ ಎಷ್ಟು ಸೆಂಟ್ ತಪ್ಪುತ್ತದೆ ಅಂತ ಬರೆದುಕೊಳ್ಳಿ. ಪ್ರತಿ ಸ್ಥಾಯಿಗೂ ಒಂದೇ ಸಮ ತಪ್ಪುತ್ತಾ ಹೋದರೆ ಟ್ರಿಮರ್ (ಬೋರ್ಡ್ ಮೇಲಿನ ಹೊಂದಾಣಿಕೆಯ ಸಣ್ಣ ತಿರುಪು) ತಿರುಗಿಸಿ ಸರಿಮಾಡಬಹುದಾದ ಸಣ್ಣ ವಿಷಯ. ಮೇಲಿನ ಸ್ಥಾಯಿಗಳಲ್ಲಿ ಮಾತ್ರ ಸ್ವರ ಇಳಿಯುತ್ತಾ ಹೋದರೆ ಅದು ಆ ಆಸಿಲೇಟರ್‌ನ ಮಿತಿ ಇರಬಹುದು. ಎಷ್ಟೋ ಹಳೆಯ ವಿನ್ಯಾಸಗಳು ಹುಟ್ಟಿನಿಂದಲೇ ಹಾಗೆ. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ ಮಾಡಿದಾಗ ಅಂಕಿಗಳು ಪೂರ್ತಿ ಬೇರೆ ಬಂದರೆ ಮಾತ್ರ ಬಿಸಿಯ ಸಮಸ್ಯೆ ಇದೆ ಅಂತ ತಿಳಿಯಿರಿ.

ಇನ್ನೊಂದು ಪರೀಕ್ಷೆ ಇದೆ. ಸದ್ದು ನಿಧಾನವಾಗಿ ಆರುವಂತೆ ರಿಲೀಸ್ ಉದ್ದ ಮಾಡಿಟ್ಟು ಒಂದು ಕೀ ಒತ್ತಿ ಬಿಡಿ. ಬಿಟ್ಟ ಮೇಲೆ ಸ್ವರ ಅಲ್ಲೇ ನಿಲ್ಲಬೇಕು. ಮೆಲ್ಲಗೆ ಜಾರುತ್ತಾ ಹೋದರೆ ಕೀಬೋರ್ಡ್‌ನ ವೋಲ್ಟೇಜ್ ಹಿಡಿದಿಡುವ ಕೆಪಾಸಿಟರ್‌ನಿಂದ ಕರೆಂಟ್ ಸೋರುತ್ತಿದೆ. ಕೆಪಾಸಿಟರ್ ಕೆಟ್ಟಿರಲೇಬೇಕು ಅಂತಿಲ್ಲ. ಸೋಲ್ಡರ್ ಮಾಡುವಾಗ ಬಿದ್ದ ಫ್ಲಕ್ಸ್ ಬೋರ್ಡ್ ಮೇಲೆ ಹಾಗೇ ಉಳಿದು ತೇವ ಹಿಡಿದುಕೊಂಡಿದ್ದರೂ ಹೀಗಾಗುತ್ತದೆ. ಅಲ್ಲಿ ಚೊಕ್ಕಟ ಮಾಡಿದರೆ ಸರಿಹೋಗುವ ಸಾಧ್ಯತೆ ಇದೆ. ಎಷ್ಟೋ ವರ್ಷ ಹಿಂದೆ ಯಾರೋ ಬೋರ್ಡ್ ಒರೆಸದೇ ಬಿಟ್ಟದ್ದು ಇವತ್ತಿನ ಸ್ವರದಲ್ಲಿ ಕೇಳುತ್ತದೆ ಅನ್ನುವುದು ನನಗೆ ಈಗಲೂ ಬೆರಗಿನ ಸಂಗತಿ.

ಹೊರಗಿನ ಯಂತ್ರಗಳ ಜೊತೆ ಹೊಂದುತ್ತದೆಯೇ ಅಂತಲೂ ಬರೆಯಬೇಕು. ಎಲ್ಲವೂ 1 ವೋಲ್ಟ್‌ಗೆ ಒಂದು ಸ್ಥಾಯಿ ಅನ್ನುವ ಲೆಕ್ಕದಲ್ಲಿ ನಡೆಯುವುದಿಲ್ಲ. ಪಾಯಾದ ಹಳೆಯ ಮಾಡ್ಯೂಲ್‌ಗಳು ವೋಲ್ಟೇಜ್‌ಗೆ ನೇರ ಪ್ರಮಾಣದಲ್ಲಿ ಕಂಪನ ಹೆಚ್ಚಿಸುವಂಥವು. ಅವನ್ನು ಇವತ್ತಿನ ಸೀಕ್ವೆನ್ಸರ್‌ಗೆ (ಸ್ವರಗಳನ್ನು ಸಾಲಾಗಿ ತಾನೇ ನುಡಿಸುವ ಯಂತ್ರ) ಜೋಡಿಸಿದರೆ ರಾಗ ಹಾಳಾಗುತ್ತದೆ, ಯಂತ್ರ ಕೆಟ್ಟಿಲ್ಲದಿದ್ದರೂ. ಇದನ್ನು ಮೊದಲೇ ಹೇಳಿದರೆ ವಾಪಸ್ ಕಳಿಸುವ ಮಾತೇ ಬರುವುದಿಲ್ಲ.

ಮಾರುವ ಮುನ್ನ ಎಷ್ಟು ರಿಪೇರಿ ಮಾಡಿಸಬೇಕು? ಕಡಿಮೆಯೇ ಒಳ್ಳೆಯದು. ಕರಕರ ಅನ್ನುವ ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್, ಕೀ ಕೆಳಗಿನ ತಂತಿಗಳಿಗೆ ಶುದ್ಧೀಕರಣ, ಸಾಕೆಟ್‌ನಲ್ಲಿರುವ ಐಸಿಗಳನ್ನು ಒಮ್ಮೆ ಎತ್ತಿ ಕೂರಿಸುವುದು, ಪವರ್ ಸಪ್ಲೈ ಸುರಕ್ಷಿತವಾಗಿ ಸರಿಯಾದ ವೋಲ್ಟೇಜ್ ಕೊಡುವಂತೆ ಮಾಡುವುದು, ಇಷ್ಟು ಸಾಕು. ಎಲ್ಲಾ ಕೆಪಾಸಿಟರ್ ಒಂದೇ ಸಲ ಬದಲಾಯಿಸುವುದು, ಪ್ಯಾನೆಲ್‌ಗೆ ಹೊಸ ಬಣ್ಣ ಬಳಿಯುವುದು, ‘ಚೆಂದ ಕಾಣಲಿ’ ಅಂತ ಹೊಸ ನಾಬ್ ಹಾಕುವುದು ಬೇಡ. ಮನೆಯಲ್ಲಿ ಮಾಡಿದ ಪ್ಯಾನೆಲ್ ಆಗಿದ್ದರೆ ಇನ್ನೂ ಜಾಗ್ರತೆ. ಆ ಕಾಲದಲ್ಲಿ ಉಜ್ಜಿ ಅಂಟಿಸುವ ಅಕ್ಷರಗಳನ್ನು ಬಳಸುತ್ತಿದ್ದರು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಧೂಳಿನ ಜೊತೆ ಅಕ್ಷರವೂ ಎದ್ದು ಬರಬಹುದು. ಆಮೇಲೆ ಏನು ಮಾಡಿದರೂ ಅದು ವಾಪಸ್ ಬರುವುದಿಲ್ಲ.

ಹಿಂದಿನವರು ಸೇರಿಸಿದ ಬದಲಾವಣೆಗಳನ್ನೂ ಹಾಗೆಯೇ ತೂಗಿ ನೋಡಬೇಕು. ಮಿಡಿ (ವಾದ್ಯಗಳನ್ನು ಒಂದಕ್ಕೊಂದು, ಕಂಪ್ಯೂಟರ್‌ಗೂ ಜೋಡಿಸುವ ವ್ಯವಸ್ಥೆ) ಜೋಡಿಸಲು ಹಿಂಬದಿಯ ಪ್ಯಾನೆಲ್‌ನಲ್ಲಿ ಒಂದು ಸಾಕೆಟ್ ಹಾಕಿದ್ದರೆ ನುಡಿಸುವವರು ಖುಷಿಪಡುತ್ತಾರೆ, ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ. ಮುಂದಿನ ಪ್ಯಾನೆಲ್‌ಗೆ ತೂತು ಕೊರೆದಿದ್ದರೆ ಹೆಚ್ಚಿನವರಿಗೆ ಇಷ್ಟವಾಗುವುದಿಲ್ಲ. ಆದರೆ ಮೊದಲು ಕಟ್ಟಿದವರೇ ಕಟ್ಟುವಾಗಲೇ ಸೇರಿಸಿದ್ದು ಅಂತ ತೋರಿಸಲು ಸಾಧ್ಯವಾದರೆ ಅದು ಆ ಯಂತ್ರದ ಚರಿತ್ರೆಯ ಭಾಗ. ತೆಗೆದ ಹಳೇ ಭಾಗಗಳು ಉಳಿದಿದ್ದರೆ ಒಂದು ಚೀಲದಲ್ಲಿ ಹಾಕಿ ಜೊತೆಗೇ ಕೊಡಿ.

ಐಸಿಗಳ ಬಗ್ಗೆ ಒಂದು ಮಾತು. ಕರ್ಟಿಸ್ ಕಂಪನಿಯ ಸಿಇಎಂ 3340ಯಂಥ ಆಸಿಲೇಟರ್ ಚಿಪ್‌ಗಳು ಬ್ರಿಟನ್ನಿನ ಡಿಜಿಸೌಂಡ್ 80ರಂಥ ಕಿಟ್‌ಗಳಲ್ಲಿ ಇದ್ದವು. ಬಹಳ ಕಾಲ ಅವು ಹೊಸದಾಗಿ ತಯಾರಾಗುತ್ತಿರಲಿಲ್ಲ. 2016ರಲ್ಲಿ ಮತ್ತೆ ತಯಾರಿಕೆ ಶುರುವಾಯಿತು, ಬೇರೆ ಕಂಪನಿಗಳ ನಕಲುಗಳೂ ಇವೆ. ಹಾಗಾಗಿ ಚಿಪ್ ಕೆಟ್ಟರೆ ಯಂತ್ರವೇ ಹೋಯಿತು ಅನ್ನುವ ಭಯ ಇಲ್ಲ. ಆದರೂ ಒಳಗಿರುವುದು ಹಳೆಯ ಮೂಲ ಚಿಪ್ಪೋ ಹೊಸದೋ ಅಂತ ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ಅಕ್ಷರ ಓದಲು ಬರುವಂತೆ ಫೋಟೋ ಹಾಕಿಬಿಡಿ. ಇಂಥ ಸಿಂಥ್‌ಗಳಲ್ಲಿ ಕಾಣುವ ಇನ್ನೊಂದು ಚಿಪ್, ಮೂಲ ಸಿಎ 3080, ಮಾತ್ರ ಈಗ ತಯಾರಾಗುತ್ತಿಲ್ಲ. ಒಳಗೆ ಎಷ್ಟಿವೆ, ಸಾಕೆಟ್‌ನಲ್ಲಿವೆಯೇ ಅಂತ ಹೇಳಿದರೆ ಮುಂದೆ ರಿಪೇರಿ ಮಾಡುವವರಿಗೆ ನೆಮ್ಮದಿ.

ಬೆಲೆ ಕಟ್ಟುವುದು ಹೇಗೆ? ಮಾರಾಟಕ್ಕೆ ಇಟ್ಟವರು ಕೇಳುತ್ತಿರುವ ಬೆಲೆ ನೋಡಬೇಡಿ. ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಅಪರೂಪದ್ದಾದರೆ ಅಂಥ ಮಾರಾಟ ಒಂದೋ ಎರಡೋ ಸಿಗುತ್ತದೆ. ಅದು ಯಾವ ಸ್ಥಿತಿಯಲ್ಲಿತ್ತು ಅಂತ ಫೋಟೋ ಸಮೇತ ಓದದೆ ಅಂಕಿ ಮಾತ್ರ ಎತ್ತಿಕೊಂಡರೆ ದಾರಿ ತಪ್ಪುತ್ತೀರಿ. ಅಪರೂಪ ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಲೋಕದಲ್ಲಿ ಒಂದೇ ಇರುವ ಯಂತ್ರವನ್ನು ಯಾರೂ ಹುಡುಕುತ್ತಿಲ್ಲದಿದ್ದರೆ ಅದಕ್ಕೆ ಬೇಡಿಕೆ ಎಲ್ಲಿಂದ ಬರಬೇಕು, ಅಲ್ವಾ? ಸರ್ಜ್‌ನ ಕಾಗದದ ಪ್ಯಾನೆಲ್ ಇರುವ ಮೊದಲ ಕಾಲದವುಗಳಿಗೆ ಬೆಲೆ ಇರುವುದು ಅವುಗಳ ಸದ್ದು, ಚರಿತ್ರೆ ಎರಡನ್ನೂ ಹುಡುಕುವವರು ಇರುವುದರಿಂದ.

ಅದಕ್ಕೇ ಯಾರಿಗೆ ಮಾರುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ. ನುಡಿಸುವವರಿಗೆ ಶ್ರುತಿ ನಿಲ್ಲಬೇಕು. ಸಂಗ್ರಾಹಕರಿಗೆ ಮೂಲ ಭಾಗ, ಕಾಗದಪತ್ರ ಬೇಕು. ರಿಪೇರಿ ಹುಚ್ಚಿನವರಿಗೆ ಅರ್ಧ ಕೆಟ್ಟದ್ದೇ ಸಂತೋಷ, ಆದರೆ ಅವರು ಹೆಚ್ಚು ಕೊಡುವುದಿಲ್ಲ. ಹೋಲಿಸಲು ಹಿಂದಿನ ಮಾರಾಟವೇ ಇಲ್ಲದಿದ್ದರೆ ಕನಿಷ್ಠ ಬೆಲೆ ಇಟ್ಟು ಹರಾಜು ಹಾಕುವುದು ಒಂದು ದಾರಿ. ಹರಾಜು ಏರಲು ಕೊನೇಪಕ್ಷ ಇಬ್ಬರಾದರೂ ಬೇಕು ಅನ್ನುವುದು ನೆನಪಿರಲಿ. ಅವಸರ ಇಲ್ಲದಿದ್ದರೆ ನಿಗದಿತ ಬೆಲೆ ಹಾಕಿ ತಾಳ್ಮೆಯಿಂದ ಕಾಯುವುದು ನನಗೆ ಹೆಚ್ಚು ಸರಿ ಕಾಣುತ್ತದೆ, ಯಾಕೆಂದರೆ ಇಂಥದ್ದನ್ನು ನಿಜವಾಗಿ ಬಯಸುವ ಆ ಒಬ್ಬರು ಈ ವಾರವೇ ಬಂದು ನೋಡಬೇಕು ಅಂತೇನಿಲ್ಲ.

ವಿವರಣೆ ಬರೆಯುವಾಗ ‘ಸರ್ವಿಸ್ ಆಗಿದೆ’ ಅನ್ನುವ ಮಾತನ್ನು ಸುಮ್ನೆ ಬಳಸಬೇಡಿ. ಯಾವಾಗ, ಏನು ಮಾಡಿದರು, ಯಾವ ಭಾಗ ಬದಲಾಯಿತು ಅಂತ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ. ಪರೀಕ್ಷೆ ಮಾಡದ ಮಾಡ್ಯೂಲ್ ಇದ್ದರೆ ಅದನ್ನೂ ಹೇಳಿ. ಶ್ರುತಿ ಪರೀಕ್ಷೆಯ ಅಂಕಿಗಳನ್ನು ಹಾಗೇ ಹಾಕಿ. ಮೂರನೇ ಸ್ಥಾಯಿಯಲ್ಲಿ 12 ಸೆಂಟ್ ತಗ್ಗು ಅಂತ ಬರೆದಿದ್ದನ್ನು ಓದಿದವರು ಓಡಿಹೋಗುವುದಿಲ್ಲ, ಇಷ್ಟು ನೋಡಿದವರು ಉಳಿದದ್ದನ್ನೂ ನೋಡಿರುತ್ತಾರೆ ಅಂತ ನಂಬುತ್ತಾರೆ. ಫೋಟೋದಲ್ಲಿ ಮುಂಭಾಗಕ್ಕಿಂತ ಒಳಭಾಗ ಮುಖ್ಯ. ಬೋರ್ಡ್‌ನ ಸೋಲ್ಡರ್ ಬದಿ, ತಂತಿಗಳ ಕಟ್ಟು, ಪವರ್ ಸಪ್ಲೈ, ಕೀಗಳ ಕೆಳಗೆ, ಎಲ್ಲವನ್ನೂ ಹತ್ತಿರದಿಂದ ತೆಗೆಯಿರಿ. ಹೊಳೆಯುವ ನಯವಾದ ಬೆಸುಗೆ, ಸಾಲಾಗಿ ಕಟ್ಟಿದ ತಂತಿ ಕಂಡರೆ ಬಲ್ಲವರಿಗೆ ನೀವು ಬೇರೇನೂ ಹೇಳಬೇಕಾಗಿಲ್ಲ.

ವಿಡಿಯೋ ಮಾಡಿದರೆ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಮಾಡಿ. ರಿವರ್ಬ್, ಎಕೋ ಏನೂ ಬೇಡ. ಆನ್ ಮಾಡುವುದರಿಂದ ಶುರುಮಾಡಿ, ಒಂದೊಂದೇ ಆಸಿಲೇಟರ್, ಪ್ರತಿಯೊಂದು ಕೀ, ಪ್ರತಿಯೊಂದು ನಾಬ್, ಫಿಲ್ಟರ್‌ನ ರೆಸೊನೆನ್ಸ್ ಪೂರ್ತಿ ಏರಿಸಿದಾಗ ಏನಾಗುತ್ತದೆ, ಏನೂ ನುಡಿಸದಿದ್ದಾಗ ಎಷ್ಟು ಗುಂಯ್ ಅನ್ನುತ್ತದೆ, ಇಷ್ಟನ್ನೂ ಕೇಳಿಸಿ. ಚೆಂದದ ಸಂಗೀತ ಬೇಕಿದ್ದರೆ ಬೇರೆ ವಿಡಿಯೋ ಮಾಡಿ.

ಕಳಿಸುವಾಗ ದೊಡ್ಡ ಶತ್ರು ಟ್ರಾನ್ಸ್‌ಫಾರ್ಮರ್. ಭಾರದ ಕಬ್ಬಿಣದ ಮುದ್ದೆ ಅದು. ಪೆಟ್ಟಿಗೆ ಒಮ್ಮೆ ಬಿದ್ದರೆ ಸ್ಕ್ರೂ ಕಿತ್ತುಕೊಂಡು ಬೋರ್ಡ್‌ಗಳ ಮೇಲೆ ಹೊರಳಾಡುತ್ತದೆ. ಬೋಲ್ಟ್‌ಗಳನ್ನು ಬಿಗಿ ಮಾಡಿ, ಪ್ಲೈವುಡ್ ತಳ ಸಡಿಲವಾಗಿದ್ದರೆ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬೇರೆ ಪೊಟ್ಟಣದಲ್ಲಿ ಕಳಿಸುವ ಬಗ್ಗೆ ಕೊಳ್ಳುವವರ ಜೊತೆ ಮಾತಾಡಿ. ಸ್ಲೈಡ್ ಮಾಡಿ ಕೂರಿಸುವ ಮಾಡ್ಯೂಲ್‌ಗಳು ಅಲುಗದ ಹಾಗೆ ಫೋಮ್ ತುಂಬಿ. ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ನಡುವೆ ಎಲ್ಲಾ ಕಡೆ ಕೈಯಗಲ ಫೋಮ್. ಕಿಟ್ ಯಂತ್ರಕ್ಕೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲವಾದ್ದರಿಂದ ವಿಮೆಗೂ, ಮುಂದೆ ತಕರಾರು ಬಂದರೂ, ನಿಮ್ಮ ಒಳಭಾಗದ ಫೋಟೋಗಳೇ ಗುರುತು. ಮುಚ್ಚಳ ಹಾಕುವ ಮುನ್ನ ಕೊನೆಯದಾಗಿ ಒಂದಿಷ್ಟು ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆಗೆ ಹಳೇ ಬ್ರೆಜಿಲ್ ರೋಸ್‌ವುಡ್ ಬಳಸಿದ್ದರೆ ದೇಶ ದಾಟಿಸಲು ಪರವಾನಗಿ ಬೇಕು, 1992ರಿಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇದೆ.

ಜೊತೆಗೆ ಒಂದು ಚೀಟಿ ಇಡಿ. ಪೆಟ್ಟಿಗೆ ಬಂದ ಕೂಡಲೇ ಆನ್ ಮಾಡಬೇಡಿ, ಕೋಣೆಯ ಬಿಸಿಗೆ ಬರಲು ಒಂದು ದಿನ ಬಿಡಿ, ಮುಚ್ಚಳ ತೆಗೆದು ಸಾಕೆಟ್‌ನಿಂದ ಎದ್ದಿರುವ ಐಸಿ ಇದ್ದರೆ ಮೆಲ್ಲಗೆ ಒತ್ತಿ, ಸಡಿಲವಾದ ತಂತಿ ಇದೆಯೇ ನೋಡಿ, ಆಮೇಲೆ ಆನ್ ಮಾಡಿ ಅರ್ಧ ಗಂಟೆ ಕಾದು ಶ್ರುತಿ ನೋಡಿ ಅಂತ. ಯಾವ ಟ್ರಿಮರ್ ಯಾವುದಕ್ಕೆ ಅನ್ನುವ ನಕ್ಷೆಯನ್ನೂ ಅದರಲ್ಲೇ ಬರೆಯಿರಿ. ಕಟ್ಟಿದವರ ಹೆಸರು ನಿಮಗೆ ಗೊತ್ತಿದ್ದು, ಹೇಳಲು ಅವರದ್ದೋ ಅವರ ಮನೆಯವರದ್ದೋ ಒಪ್ಪಿಗೆ ಇದ್ದರೆ, ಅದನ್ನೂ ಚೀಟಿಯಲ್ಲಿ ಸೇರಿಸಿ.